ಶಾಲಾ ಶಿಕ್ಷಣ ಕಚೇರಿಯೋ, ವಿಶ್ವವಿದ್ಯಾಲಯವೋ?

ಕಲಬುರಗಿಯಲ್ಲಿ ಶಿಕ್ಷಣ ಆಡಳಿತದ ಸಿಸ್ಟಮ್ಸ್ ಅನಲಿಸ್ಟ್ (ತಂತ್ರಾಂಶ, ದತ್ತಾಂಶ ವ್ಯವಸ್ಥೆಗಳ ವಿಶ್ಲೇಷಕ) ಆಗಬಯಸುವವರು ಮೊದಲು ದತ್ತಾಂಶದ ಸ್ವರೂಪವನ್ನು ನೋಡಬೇಕು. ಶಾಲಾ ಶಿಕ್ಷಣ ಕಚೇರಿಯಲ್ಲಿ ವಿದ್ಯಾರ್ಥಿಗಳ ದಾಖಲೆ ಇಡುವ ರಾಜ್ಯದ ಸ್ಯಾಟ್ಸ್ ಮತ್ತು ಶಾಲಾ ಮಾಹಿತಿ ಕಲೆಹಾಕುವ ಕೇಂದ್ರದ ಯುಡೈಸ್ ಪ್ಲಸ್ ತಂತ್ರಾಂಶಗಳ ನಡುವೆ ಮಗುವಿನ ಹೆಸರು, ಜನ್ಮದಿನಾಂಕ, ಆಧಾರ್ ವಿವರಗಳು ತಾಳೆಯಾಗದಿದ್ದಾಗ ಕಾರಣ ಹುಡುಕುವುದೇ ದೊಡ್ಡ ಕೆಲಸ. ಮುಂಬೈ, ಪುಣೆಗೆ ಗುಳೆ ಹೋದ ಕುಟುಂಬದ ಮಗು ಪಟ್ಟಿಯಿಂದ ಬಿಟ್ಟುಹೋಗದಂತೆ ಕಾಯುವ ಈ ಹೊಣೆಯನ್ನು ನಾನು ಅತ್ಯಂತ ಗೌರವದಿಂದ ಕಾಣುತ್ತೇನೆ. ಆದರೆ ತಂತ್ರಾಂಶದ ವಿನ್ಯಾಸ ನಿರ್ಧಾರವಾಗುವುದು ಬೆಂಗಳೂರು, ದೆಹಲಿಗಳಲ್ಲಿ. 1980ರಲ್ಲಿ ಸ್ಥಾಪನೆಯಾದ ಗುಲಬರ್ಗಾ ವಿಶ್ವವಿದ್ಯಾಲಯದಲ್ಲೂ ಪ್ರವೇಶ, ಪರೀಕ್ಷೆಗಳಿಗೆ ವಿಶ್ವವಿದ್ಯಾಲಯ, ಕಾಲೇಜುಗಳಿಗಾಗಿ ಇರುವ ರಾಜ್ಯದ ಏಕೀಕೃತ ತಂತ್ರಾಂಶವಾದ ಯುಯುಸಿಎಂಎಸ್ ವ್ಯವಸ್ಥೆಯೇ ಇದೆ. ಅಲ್ಲಿ ಒತ್ತಡ ಫಲಿತಾಂಶದ ಕಾಲಕ್ಕೆ ಹೆಚ್ಚು. ಕಡಗಂಚಿಯ ಕೇಂದ್ರೀಯ ವಿಶ್ವವಿದ್ಯಾಲಯ ಮೂರನೆಯ ದಾರಿಯಾದರೂ, ಕಲ್ಯಾಣ ಕರ್ನಾಟಕದವರಿಗೆ ಸಂವಿಧಾನದ 371(ಜೆ) ವಿಧಿಯಡಿ ಸಿಗುವ ಮೀಸಲಾತಿ ಅನ್ವಯಿಸುವುದು ರಾಜ್ಯದ ಹುದ್ದೆಗಳಿಗೆ, ಕೇಂದ್ರದವುಗಳಿಗಲ್ಲ. ಹುದ್ದೆ ಕಾಯಂ ಆಗಿದೆಯೋ, ಹೊರಗುತ್ತಿಗೆಯದೋ ಎಂಬುದನ್ನು ಅಧಿಸೂಚನೆಯಲ್ಲೇ ಓದಿಕೊಂಡು ಅರ್ಜಿ ಹಾಕಬೇಕು.