ಎರಡು ಕಡ್ಡಿಯ ನಿಟ್ಟಿಂಗೋ, ಒಂದು ಕೊಕ್ಕೆಯ ಕ್ರೋಶಾನೋ?

ಯಾವುದನ್ನು ಮೊದಲು ಕಲಿಯಲಿ ಅಂತ ಕೇಳುವವರಿಗೆ ನನ್ನದೊಂದು ಪ್ರಶ್ನೆ: ಏನು ಹೆಣೆಯುವ ಆಸೆ?

ಸ್ವೆಟರ್, ಕಾಲುಚೀಲ ಅಂದರೆ ನಿಟ್ಟಿಂಗ್ ಹಿಡಿಯಿರಿ. ಬಟ್ಟೆ ಮೆತ್ತಗೆ ಬರುತ್ತದೆ, ಎಳೆದರೆ ಹಿಗ್ಗುತ್ತದೆ, ಮೈಗೆ ಹೊಂದಿಕೊಳ್ಳುತ್ತದೆ. ಕಷ್ಟವಾಗುವುದು ತಪ್ಪಿದಾಗ. ಇಡೀ ಸಾಲಿನ ಕುಣಿಕೆಗಳು ಕಡ್ಡಿಯ ಮೇಲೇ ಇರುತ್ತವೆ. ಒಂದು ಜಾರಿದರೆ ಸಾಕು, ಏಣಿಯ ಹಾಗೆ ಕೆಳಗಿನ ಸಾಲುಗಳೂ ಬಿಚ್ಚುತ್ತಾ ಹೋಗುತ್ತವೆ. ಹೆದರಬೇಡಿ, ಜಾರಿದ ಕುಣಿಕೆಯನ್ನು ಮೇಲೆತ್ತಲು ಕ್ರೋಶಾ ಕೊಕ್ಕೆಯೇ ಒಳ್ಳೆಯ ಸಾಧನ!

ಕ್ರೋಶಾದಲ್ಲಿ ಕೈಯಲ್ಲಿರುವುದು ಸಾಮಾನ್ಯವಾಗಿ ಒಂದೇ ಕುಣಿಕೆ. ತಪ್ಪಾಯಿತಾ? ದಾರ ಎಳೆದು ಬಿಚ್ಚಿ, ಅಲ್ಲಿಂದಲೇ ಮುಂದುವರಿಸಿ. ಗೊಂಬೆ, ಚೀಲ, ಹೊದಿಕೆಗೆ ಇದು ಚೆನ್ನ. ಕೆಲಸವೂ ಬೇಗ ಸಾಗುತ್ತದೆ. ಆದರೆ ಬಟ್ಟೆ ದಪ್ಪ, ಅಷ್ಟೇ ಅಗಲಕ್ಕೆ ಉಲ್ಲನ್ ಜಾಸ್ತಿ ಬೇಕು.

ಖರ್ಚು? ಎರಡಕ್ಕೂ ಶುರುವಿಗೆ ಹೆಚ್ಚೇನೂ ಬೇಡ. ಮಧ್ಯಮ ದಪ್ಪದ ಉಲ್ಲನ್, 5 ಮಿ.ಮೀ. ಕಡ್ಡಿ ಅಥವಾ ಕೊಕ್ಕೆ ಸಾಕು. ತಿಳಿ ಬಣ್ಣ ತಗೊಳ್ಳಿ, ಕಪ್ಪಿನಲ್ಲಿ ಕುಣಿಕೆ ಕಾಣುವುದೇ ಇಲ್ಲ. ರಿಯಾಯಿತಿಯಲ್ಲಿ ಉಂಡೆ ಆರಿಸುವ ಖುಷಿಯೇ ಬೇರೆ, ಅಲ್ವಾ? ಆದರೆ ಲೇಬಲ್‌ನಲ್ಲಿರುವ ಡೈ ಲಾಟ್ ನಂಬರ್ (ಯಾವ ಸಲ ಬಣ್ಣ ಹಾಕಿದ ಉಲ್ಲನ್ ಅಂತ ಹೇಳುವ ಸಂಖ್ಯೆ) ಎಲ್ಲ ಉಂಡೆಗಳಲ್ಲೂ ಒಂದೇ ಇದೆಯಾ ನೋಡಿ. ಇಲ್ಲದಿದ್ದರೆ ಒಂದೇ ಬಣ್ಣದ ಉಂಡೆಗಳಲ್ಲೂ ಛಾಯೆ ಬೇರೆಯಾಗಿ, ಸ್ವೆಟರ್ ನಡುವೆ ಗೆರೆ ಎದ್ದು ಕಾಣುತ್ತದೆ.

ತಾಳ್ಮೆ ಕಡಿಮೆ ಇದ್ದರೆ ಕ್ರೋಶಾದಿಂದ ಶುರು ಮಾಡಿ. ನನ್ನ ಮನಸ್ಸು ಮಾತ್ರ ನಿಟ್ಟಿಂಗ್ ಕಡೆಗೇ.