ಹಗಿಯಾ ಸೋಫಿಯಾ ಮರದ ಮಾದರಿ: ಜೋಡಿಸಿ ನೋಡಿದ ಅನುಭವ

ಇಸ್ತಾಂಬುಲಿನ ಹಗಿಯಾ ಸೋಫಿಯಾದ ಈ ಮರದ ಮಾದರಿಯನ್ನು ಸಾಗರದ ನಮ್ಮ ಮನೆಯ ಜಗಲಿಯಲ್ಲಿ, ಆಷಾಢದ ಮಳೆ ಬಿಡದೆ ಸುರಿದ ಒಂದು ವಾರ, ಮಗಳೊಂದಿಗೆ ಕೂತು ಜೋಡಿಸಿದೆ. ಚಕ್ರವರ್ತಿ ಜಸ್ಟಿನಿಯನ್ 532ರಿಂದ 537ರ ನಡುವೆ ಕಟ್ಟಿಸಿದ ಈ ಚರ್ಚಿನ ಜೀವಾಳವಿರುವುದು, ಚೌಕಾಕಾರದ ತಳದ ಮೇಲೆ ಸುಮಾರು 31 ಮೀಟರ್ ಅಗಲದ ದುಂಡು ಗುಮ್ಮಟವನ್ನು ಕೂರಿಸಿದ ಬಗೆಯಲ್ಲಿ. ಇಕ್ಕೇರಿಯ ಅಘೋರೇಶ್ವರ ದೇವಾಲಯದಲ್ಲಿ ಕಂಬದ ಮೇಲೆ ತೊಲೆ, ತೊಲೆಯ ಮೇಲೆ ಚಪ್ಪಡಿ ಇಟ್ಟು ಭಾರ ನೇರವಾಗಿ ಕೆಳಗಿಳಿಯುವುದನ್ನು ಕಂಡು ಬೆಳೆದ ನನಗೆ, ನಾಲ್ಕು ಕಮಾನುಗಳ ನಡುವಿನ ಮೂಲೆಗಳಲ್ಲಿ ಬಾಗಿದ ತ್ರಿಕೋನಗಳನ್ನು ಸಿಕ್ಕಿಸಿದಾಗ, ಗುಮ್ಮಟದ ಭಾರ ನಾಲ್ಕು ದಪ್ಪ ಕಂಬಗಳಿಗೆ ಹರಿದುಹೋಗುವ ರೀತಿ ಮೊದಲ ಬಾರಿಗೆ ಕೈಗೇ ತಿಳಿಯಿತು. ಗುಮ್ಮಟದ ಬುಡದ 40 ಕಿಟಕಿಗಳನ್ನೂ ಬಿಡದೆ ಕೊರೆದಿದ್ದಾರೆ. ಒಳಗೆ ಪುಟ್ಟ ದೀಪವಿಟ್ಟರೆ ಗುಮ್ಮಟ ತೇಲುತ್ತಿರುವಂತೆ ಕಾಣುತ್ತದೆ.

ಕೊರತೆ ಇರುವುದು ಕೈಪಿಡಿಯಲ್ಲಿ. ಮೊದಲ ಗುಮ್ಮಟ 558ರಲ್ಲಿ ಕುಸಿದದ್ದು, ಅದನ್ನು ಇನ್ನಷ್ಟು ಎತ್ತರಿಸಿ 562ರ ವೇಳೆಗೆ ಮತ್ತೆ ಕಟ್ಟಿದ್ದು ಅದರಲ್ಲಿ ಇಲ್ಲವೇ ಇಲ್ಲ. 1453ರಲ್ಲಿ ಮಸೀದಿಯಾದ ಮೇಲೆ ಸೇರಿದ ಮಿನಾರುಗಳನ್ನು ಮೂಲ ಕಟ್ಟಡದ ಭಾಗವೆಂಬಂತೆ ತೋರಿಸಿರುವುದು ದೊಡ್ಡ ತಪ್ಪು. ತೇವಕ್ಕೆ ಮರದ ತುಂಡುಗಳು ಉಬ್ಬುವುದರಿಂದ ಮಲೆನಾಡಿನವರು ಇದನ್ನು ಬೇಸಿಗೆಯಲ್ಲಿ ಜೋಡಿಸುವುದು ಒಳಿತು.