ಮನೆ ಜಗಳಕ್ಕೆ ಆನ್‌ಲೈನ್ ಕೌನ್ಸೆಲಿಂಗ್: 14416, ಚಾಟ್, ವಿಡಿಯೋ ಮೂರನ್ನೂ ನೋಡಿದ ಮೇಲೆ

ಮೊದಲೇ ಹೇಳಿಬಿಡುತ್ತೇನೆ. ಮನೆಮಂದಿಯೆಲ್ಲ ಸಿಕ್ಕಿಕೊಂಡಿರುವ ಸಮಸ್ಯೆಗೆ ನಮಗೆ ಕೆಲಸಕ್ಕೆ ಬಂದದ್ದು ವಿಡಿಯೋ ಕಾಲ್. ಆದರೆ ಶುರು ಮಾಡುವುದಕ್ಕೆ ಸರ್ಕಾರದ ಸಹಾಯವಾಣಿ 14416 ಸಾಕು, ಅದಕ್ಕೆ ದುಡ್ಡೂ ಬೇಡ. ಚಾಟ್ ಆ್ಯಪ್ ಬಗ್ಗೆ ನನಗೆ ಅಂಥ ಒಳ್ಳೆ ಅಭಿಪ್ರಾಯ ಇಲ್ಲ, ಒಂದೇ ಒಂದು ವಿಷಯ ಬಿಟ್ಟರೆ.

ನಮ್ಮ ಮನೆ ಕಥೆ ಕೋಲಾರದ ಹತ್ತು ಮನೆಗಳ ಕಥೆಯೇ. ಮಗ ಒಂಬತ್ತನೇ ಕ್ಲಾಸು. ರಾತ್ರಿ ಮೊಬೈಲ್ ಬಿಡುವುದಿಲ್ಲ, ಬೆಳಗ್ಗೆ ಏಳುವುದಿಲ್ಲ, ಕಿತ್ತುಕೊಂಡರೆ ಬಾಗಿಲು ಒದೆಯುತ್ತಾನೆ. ಯಜಮಾನರಿಗೆ ಟೊಮೆಟೊ ಮಂಡಿ ಕೆಲಸ. ಎಪಿಎಂಸಿಯಲ್ಲಿ ಹರಾಜು ಮುಗಿಸಿ ಮನೆಗೆ ಬರುವಷ್ಟರಲ್ಲಿ ಅವರ ತಾಳ್ಮೆ ಖಾಲಿ. ಬಾಕ್ಸ್ ರೇಟು ಬಿದ್ದ ದಿನವಂತೂ ಕೇಳಲೇಬೇಡಿ. ಅತ್ತೆ ಯಾವತ್ತೂ ಮೊಮ್ಮಗನ ಪಾರ್ಟಿ. ನಾನು ಮಧ್ಯದಲ್ಲಿ.

ಬೆಂಗಳೂರಿಗೇ ಹೋಗಿ ತೋರಿಸಬಹುದಿತ್ತಲ್ಲ ಅಂತ ಕೇಳಬಹುದು. ಹೋಗಿದ್ದೆವು. ಸುಮಾರು 70 ಕಿ.ಮೀ. ದಾರಿ, ಹೊಸಕೋಟೆ ದಾಟಿ ಕೆ.ಆರ್. ಪುರಂ ಹತ್ತಿರ ಬಂದರೆ ಗಾಡಿ ಮುಂದಕ್ಕೇ ಹೋಗುವುದಿಲ್ಲ. ಮುಕ್ಕಾಲು ಗಂಟೆ ಮಾತಿಗೆ ಒಂದು ದಿನ ಪೂರ್ತಿ. ಮಗನಿಗೆ ಸ್ಕೂಲು ರಜೆ, ಯಜಮಾನರಿಗೆ ಮಂಡಿ ರಜೆ. ವಾಪಸ್ ಬರುವಾಗ ಕಾರಿನಲ್ಲೇ ಮತ್ತೆ ಜಗಳ. ವಾರ ವಾರ ಇದು ಆಗುವ ಮಾತಲ್ಲ ಅಂತ ಅನ್ನಿಸಿದ ಮೇಲೆ ಆನ್‌ಲೈನ್ ಕಡೆ ತಿರುಗಿದ್ದು.

14416 ಅಂದರೆ ಟೆಲಿ ಮಾನಸ್. ಕೇಂದ್ರ ಸರ್ಕಾರ 2022ರ ಅಕ್ಟೋಬರ್ 10ರಂದು ಶುರು ಮಾಡಿದ ಮಾನಸಿಕ ಆರೋಗ್ಯದ ಸಹಾಯವಾಣಿ. ಇದರ ಮುಖ್ಯ ಕೇಂದ್ರ ನಮ್ಮ ನಿಮ್ಹಾನ್ಸ್. ಹಗಲು ರಾತ್ರಿ ಇರುತ್ತದೆ, ಕಾಲ್ ಉಚಿತ. ಹುಚ್ಚು ಹಿಡಿದವರಿಗೆ ಮಾತ್ರ ಅಂತ ನಮ್ಮ ಬೀದಿಯಲ್ಲಿ ಎಷ್ಟೋ ಜನ ತಿಳಿದುಕೊಂಡಿದ್ದಾರೆ, ಹಾಗೇನಿಲ್ಲ. ಪರೀಕ್ಷೆ ಭಯ, ಗಂಡ ಹೆಂಡತಿ ಜಗಳ, ನಿದ್ದೆ ಬಾರದ್ದು, ಎಲ್ಲದಕ್ಕೂ ಮಾಡಬಹುದು. ನಾನು ಮಾಡಿದ್ದು ಎಲ್ಲರೂ ಮಲಗಿದ ಮೇಲೆ, ಟೆರೇಸಿಗೆ ಹೋಗಿ. ಆ ಕಡೆಯವರು ಪೂರ್ತಿ ಕೇಳಿಸಿಕೊಂಡರು. "ಮೇಡಂ, ಮೊದಲು ನೀವು ಸರಿಯಾಗಿ ನಿದ್ದೆ ಮಾಡ್ತಿದ್ದೀರಾ?" ಅಂತ ನನ್ನನ್ನೇ ಕೇಳಿದರು. ಅಲ್ಲಿಯವರೆಗೂ ಯಾರೂ ಕೇಳಿರಲಿಲ್ಲ.

ಇದರಲ್ಲಿ ಇನ್ನೊಂದು ಲಾಭ ಭಾಷೆ. ಕನ್ನಡ, ತೆಲುಗು ಎರಡೂ ಇವೆ. ನಮ್ಮ ಜಿಲ್ಲೆಯಲ್ಲಿ ಮನೆಯೊಳಗೆ ತೆಲುಗು, ಹೊರಗೆ ಕನ್ನಡ ಮಾತಾಡುವವರು ಎಷ್ಟಿದ್ದಾರೆ ಅಂತ ನಿಮಗೇ ಗೊತ್ತು. ಅತ್ತೆಯಂಥವರು ಮನಸ್ಸು ಬಿಚ್ಚಿ ಮಾತಾಡಬೇಕಾದರೆ ತೆಲುಗೇ ಆಗಬೇಕು. ಆದರೆ ಸಹಾಯವಾಣಿ ಅಂದಮೇಲೆ ಅದರ ಕೆಲಸಕ್ಕೂ ಒಂದು ಮಿತಿ ಇದೆ. ಧೈರ್ಯ ಹೇಳುತ್ತಾರೆ, ದಾರಿ ತೋರಿಸುತ್ತಾರೆ, ಬೇಕಾದರೆ ಡಾಕ್ಟರಿಗೆ ಜೋಡಿಸುತ್ತಾರೆ. ನಾಲ್ಕು ಜನರನ್ನು ಕೂರಿಸಿಕೊಂಡು ತಿಂಗಳುಗಟ್ಟಲೆ ಮಾಡುವ ಕೆಲಸ ಬೇರೆ.

ಇನ್ನು ಚಾಟ್. ತಿಂಗಳಿಗೆ ಇಷ್ಟು ಅಂತ ಕಟ್ಟಿಸಿಕೊಳ್ಳುವ ಒಂದು ಆ್ಯಪ್, ಹೆಸರು ಬೇಡ. ನಾವು ಬರೆದದ್ದಕ್ಕೆ ಆ ಕಡೆಯ ಕೌನ್ಸೆಲರ್ ಬಿಡುವಾದಾಗ ಉತ್ತರ ಬರೆಯುತ್ತಾರೆ. ಹೆಚ್ಚಿನದು ಇಂಗ್ಲಿಷ್‌ನಲ್ಲೇ. ಸಂಜೆ ಏಳಕ್ಕೆ ಬಾಗಿಲು ಒದ್ದ ಗಲಾಟೆಗೆ ಮಾರನೇ ದಿನ ಮಧ್ಯಾಹ್ನ "ಆಗ ನಿಮಗೆ ಏನನ್ನಿಸಿತು?" ಅಂತ ಪ್ರಶ್ನೆ ಬಂದರೆ ಏನು ಬರೆಯುವುದು? ಅಷ್ಟರಲ್ಲಿ ಅವನು ಊಟ ಮಾಡಿ, ನನ್ನ ಹತ್ತಿರ ಮಾತಾಡಿ, ಇನ್ನೊಂದು ಹೊಸ ಜಗಳವೂ ಮುಗಿದಿರುತ್ತಿತ್ತು. ಅದಕ್ಕಿಂತ ಮುಖ್ಯ, ಅಲ್ಲಿ ಬರುವುದು ನಾನು ಬರೆದ ಕಥೆ ಮಾತ್ರ. ನನ್ನ ಕಥೆಯಲ್ಲಿ ನಾನು ಯಾವಾಗಲೂ ಒಳ್ಳೆಯವಳೇ, ಅಲ್ವಾ?

ಆದರೂ ಬಿಟ್ಟುಕೊಡಲಾಗದ ಒಂದು ವಿಷಯ ಅಂದೆನಲ್ಲ, ಅದು ನಮ್ಮ ಯಜಮಾನರು. ಬಾಯಿಬಿಟ್ಟು ಕಷ್ಟ ಹೇಳಿಕೊಳ್ಳುವ ಜನ ಅಲ್ಲ ಅವರು. ಕ್ಯಾಮೆರಾ ಮುಂದೆ ಕೂರುವುದೆಂದರೆ ಮೈ ಉರಿ. ಸುಮ್ನೆ ಇರಲಿ ಅಂತ ಆ್ಯಪ್ ಅವರ ಫೋನಿಗೂ ಹಾಕಿಕೊಟ್ಟೆ. ಮಂಡಿಯಲ್ಲಿ ಲೋಡ್ ಕಳಿಸಿ ಟೀ ಕುಡಿಯುವ ಹೊತ್ತಿನಲ್ಲಿ ಬರೆದಿದ್ದಾರೆ, ಕನ್ನಡವನ್ನೇ ಇಂಗ್ಲಿಷ್ ಅಕ್ಷರದಲ್ಲಿ ಒತ್ತಿ. ತಮ್ಮ ಅಪ್ಪ ಹೊಡೆದದ್ದು, ತಾವೂ ಹಾಗೇ ಆಗುತ್ತಿದ್ದೇವೇನೋ ಅನ್ನುವುದು. ಇದನ್ನು ಅವರೇ ಆಮೇಲೆ ಹೇಳಿದ್ದು. ವಿಡಿಯೋಗೆ ಅವರು ಒಪ್ಪಿದ್ದೇ ಅದಾದ ಮೇಲೆ. ಹಾಗಾಗಿ ಮಾತು ಕಡಿಮೆ ಇರುವ ಗಂಡಸರಿಗೆ ಚಾಟ್ ಒಂದು ಮೆಟ್ಟಿಲು ಅಂತ ಒಪ್ಪುತ್ತೇನೆ. ಮನೆಗೆಲ್ಲ ಸೇರಿಸಿ ನೋಡಿದರೆ ದುಡ್ಡು ದಂಡ.

ವಿಡಿಯೋಗೆ ನಾವು ಹಿಡಿದದ್ದು ಕನ್ನಡ ಬಲ್ಲ ಒಬ್ಬ ಕ್ಲಿನಿಕಲ್ ಸೈಕಾಲಜಿಸ್ಟ್‌ರನ್ನು. ಹೊರಗೆ ಬೋರ್ಡ್ ಹಾಕಿಕೊಂಡವರೆಲ್ಲ ಒಂದೇ ಅಲ್ಲ, ಇದನ್ನು ನೋಡಿಕೊಳ್ಳಿ. ಕ್ಲಿನಿಕಲ್ ಸೈಕಾಲಜಿಸ್ಟ್ ಆದರೆ ಭಾರತೀಯ ಪುನರ್ವಸತಿ ಪರಿಷತ್ತಿನಲ್ಲಿ ನೋಂದಣಿ ಇರಬೇಕು, ಆ ನಂಬರ್ ಕೇಳಿದರೆ ತಪ್ಪೇನಿಲ್ಲ. ಅವರು ಮಾತ್ರೆ ಬರೆಯುವಂತಿಲ್ಲ, ಅದು ಸೈಕಿಯಾಟ್ರಿಸ್ಟ್, ಅಂದರೆ ಮನೋರೋಗದ ಡಾಕ್ಟರ ಕೆಲಸ.

ಮೊದಲ ಸೆಷನ್ನೇ ನೆನಪಿದೆ. ಭಾನುವಾರ ಮಧ್ಯಾಹ್ನ, ಫೋನನ್ನು ಹಾಲ್‌ನಲ್ಲಿ ನೀರಿನ ಚೊಂಬಿಗೆ ಒರಗಿಸಿ ಇಟ್ಟಿದ್ದೆವು. ಸೈಕಾಲಜಿಸ್ಟ್ ಮೇಡಂ ಮಗನನ್ನು ಕೇಳಿದರು, "ರಾತ್ರಿ ಎಷ್ಟಕ್ಕೆ ಮಲಗ್ತೀಯಪ್ಪಾ?" ಉತ್ತರ ಕೊಟ್ಟಿದ್ದು ಯಜಮಾನರು. "ಸ್ಕೂಲಲ್ಲಿ ಯಾರು ಫ್ರೆಂಡ್ಸ್?" ಅದಕ್ಕೂ ಅವರೇ. "ಯಾವ ಗೇಮ್ ಆಡ್ತೀಯ?" ಅಂದಾಗ ಅಡುಗೆಮನೆಯಿಂದ ಅತ್ತೆ, "ವಾಡು ಚಿನ್ನ ಪಿಲ್ಲೋಡು, ವದಿಲೇಯಂಡಿ" ಅಂದರು, ಚಿಕ್ಕ ಹುಡುಗ ಬಿಟ್ಟುಬಿಡಿ ಅಂತ. ಮೇಡಂಗೆ ತೆಲುಗು ಬಾರದು, ಆದರೂ ನಕ್ಕುಬಿಟ್ಟರು. "ಇಷ್ಟೊತ್ತು ನಾನು ಅವನ ಧ್ವನಿಯನ್ನೇ ಕೇಳಿಲ್ಲ" ಅಂದರು. ಮಗ ಆಗ ಮೊದಲ ಸಲ ತಲೆ ಎತ್ತಿ ಸ್ಕ್ರೀನ್ ನೋಡಿದ. ಇದು ಚಾಟ್‌ನಲ್ಲಿ ಯಾವ ಕಾಲಕ್ಕೂ ಕಾಣುತ್ತಿರಲಿಲ್ಲ. ಬೆಂಗಳೂರಿನ ಕ್ಲಿನಿಕ್ಕಿನಲ್ಲೂ ಕಂಡಿರಲಿಲ್ಲ, ಅಲ್ಲಿಗೆ ಅತ್ತೆ ಬಂದೇ ಇರಲಿಲ್ಲವಲ್ಲ.

ಆಮೇಲೆ ಕಲಿಸಿದ್ದು ದೊಡ್ಡ ವಿದ್ಯೆಯೇನಲ್ಲ. ಹತ್ತು ಸಲ ಇಲ್ಲ ಅಂದು ಹನ್ನೊಂದನೇ ಸಲ ಮೊಬೈಲ್ ಕೊಟ್ಟರೆ, ಹನ್ನೊಂದು ಸಲ ಹಟ ಮಾಡಬೇಕು ಅಂತ ನಾವೇ ಕಲಿಸಿದ ಹಾಗೆ. ಆದ್ದರಿಂದ ನಿಯಮ ಕಡಿಮೆ ಇರಲಿ, ಮೂವರು ದೊಡ್ಡವರದ್ದೂ ಒಂದೇ ಮಾತಾಗಿರಲಿ. ಹತ್ತು ಗಂಟೆಗೆ ಎಲ್ಲರ ಫೋನೂ ಹಾಲ್‌ನಲ್ಲಿ ಚಾರ್ಜಿಗೆ, ಅಪ್ಪನದ್ದೂ ಸೇರಿ. ಹತ್ತು ನಿಮಿಷ ಮುಂಚೆ ಒಂದು ಸಲ ಹೇಳುವುದು, ಆಮೇಲೆ ಭಾಷಣ ಇಲ್ಲ. ಸೀಸನ್ ಜೋರಾದಾಗ ಯಜಮಾನರಿಗೆ ರಾತ್ರಿಯೂ ರೈತರ ಕಾಲ್ ಬರುತ್ತದೆ, ಅಪ್ಪನಿಗೆ ಯಾಕೆ ಬೇರೆ ರೂಲು ಅಂತ ಮಗ ತಕರಾರು ತೆಗೆದ. ಅದಕ್ಕೆ ಹಳೇ ಬಟನ್ ಫೋನ್ ಒಂದನ್ನು ಕಾಲ್‌ಗೆ ಇಟ್ಟುಕೊಂಡರು. ಬಾಗಿಲು ಒದೆಯುವುದು ಪೂರ್ತಿ ನಿಂತಿಲ್ಲ, ಕಡಿಮೆಯಾಗಿದೆ.

ವಿಡಿಯೋದ ಕಷ್ಟಗಳೂ ಇವೆ. ಒಂದು ಸೆಷನ್‌ಗೆ ಸಾವಿರದ ಮೇಲೇ ಆಗುತ್ತದೆ. ಕರೆಂಟ್ ಹೋದರೆ ವೈಫೈ ಸತ್ತಂತೆ, ಮೊಬೈಲ್ ಡೇಟಾ ರೆಡಿ ಇಟ್ಟುಕೊಳ್ಳಿ. ಎಲ್ಲಕ್ಕಿಂತ ಕಷ್ಟ ಗುಟ್ಟು. ಎರಡು ರೂಮಿನ ಮನೆಯಲ್ಲಿ ಅತ್ತೆ ಬಗ್ಗೆ ಸೊಸೆ ಎಲ್ಲಿ ಕೂತು ಮಾತಾಡಬೇಕು? ನನ್ನೊಬ್ಬಳ ಸೆಷನ್ ಇದ್ದಾಗ ಕಾರಿನಲ್ಲಿ ಕೂತು ಮಾಡಿದ್ದೇನೆ, ಗಾಜು ಏರಿಸಿಕೊಂಡು, ಬೆವರು ಸುರಿಸಿಕೊಂಡು.

ಕೆಲವಕ್ಕೆ ಆನ್‌ಲೈನ್ ಹತ್ತಿರವೂ ಹೋಗಬೇಡಿ. ಮಗು ಸಾಯುವ ಮಾತಾಡುತ್ತಿದ್ದರೆ, ಕೈ ಕುಯ್ದುಕೊಳ್ಳುತ್ತಿದ್ದರೆ ಸೀದಾ ಜಿಲ್ಲಾ ಆಸ್ಪತ್ರೆಗೆ ಕರೆದುಕೊಂಡು ಹೋಗಿ. ಮನೆಯಲ್ಲಿ ಮಗುವಿಗೆ ಹೊಡೆತ ಮಿತಿ ಮೀರಿದ್ದರೆ ಮಕ್ಕಳ ಸಹಾಯವಾಣಿ 1098 ಇದೆ. ಓದು ಬರಹದಲ್ಲೇ ತೊಡಕಿದೆ ಅನ್ನಿಸಿದರೆ ಆ ಪರೀಕ್ಷೆ ಎದುರಿಗೆ ಕೂರಿಸಿಯೇ ಮಾಡಿಸಿ. ಇನ್ನು 2020ರ ಟೆಲಿಮೆಡಿಸಿನ್ ಮಾರ್ಗಸೂಚಿ ಪ್ರಕಾರ ಅಪ್ರಾಪ್ತ ವಯಸ್ಸಿನ ಮಕ್ಕಳನ್ನು ಡಾಕ್ಟರು ಆನ್‌ಲೈನ್‌ನಲ್ಲಿ ನೋಡುವಾಗ ಜೊತೆಗೆ ದೊಡ್ಡವರು ಇರಲೇಬೇಕು. ಮಗುವಿನ ಕೈಗೆ ಫೋನ್ ಕೊಟ್ಟು ನೀನೇ ಮಾತಾಡ್ಕೋ ಅಂತ ಹೊರಗೆ ಹೋಗುವುದು ನಡೆಯುವುದಿಲ್ಲ.

ನಾವೀಗ ವಾರ ಬಿಟ್ಟು ವಾರ ವಿಡಿಯೋ ಇಟ್ಟುಕೊಂಡಿದ್ದೇವೆ. 14416 ನಂಬರನ್ನು ಅತ್ತೆಯ ಫೋನಿಗೂ ಹಾಕಿಕೊಟ್ಟಿದ್ದೇನೆ, ತೆಲುಗಿನಲ್ಲಿ ನನ್ನ ಮೇಲೆ ದೂರು ಹೇಳಬೇಕೆನಿಸಿದರೆ ಹೇಳಲಿ. ಚಾಟ್ ಆ್ಯಪ್ ತೆಗೆದಾಯಿತು. ನೀವೂ ತೆಗೆಯುವುದಾದರೆ ಮೊದಲು ಯುಪಿಐನಲ್ಲಿ ಆಟೋಪೇ ನಿಲ್ಲಿಸಿ, ಆಮೇಲೆ ಆ್ಯಪ್ ಅಳಿಸಿ. ಬರೀ ಆ್ಯಪ್ ಅಳಿಸಿದರೆ ದುಡ್ಡು ಹೋಗುತ್ತಲೇ ಇರುತ್ತದೆ.